ಸೋಮವಾರದ ಗಿರಾಕಿ

ಟೀಚರ್ ಕೆಲಸ ಬಿಟ್ಟು ಕಾತ್ಯಾಯಿನಿ ಮೆಕ್ಕೆಜೋಳದ ಕುರುಕಲು ತಿಂಡಿ ಮಾಡಿ ಮಾರುತ್ತಿದ್ದಳು. ಬಣ್ಣವಿಲ್ಲ, ರಾಸಾಯನಿಕವಿಲ್ಲ. ವ್ಯಾಪಾರ ಆಗಷ್ಟೇ ಕುದುರತೊಡಗಿತ್ತು. ಅಷ್ಟರಲ್ಲಿ ಊರಿನ ದೊಡ್ಡ ಚಿಪ್ಸ್ ಕಾರ್ಖಾನೆಯ ಮಾಲೀಕರ ಡ್ರೈವರ್ ಪ್ರತಿ ಸೋಮವಾರ ಬಂದು ಒಂದು ಚೀಲ ತಿಂಡಿ ಒಯ್ಯತೊಡಗಿದ. ತನ್ನ ರುಚಿಯನ್ನೇ ಕದಿಯಲು ಹೊರಟಿದ್ದಾರೆಂದು ಅವಳಿಗೆ ಗಾಬರಿಯಾಯಿತು. ತಡೆಯಲಾರದೆ ಒಂದು ದಿನ ನೇರವಾಗಿ ಕಾರ್ಖಾನೆಗೇ ಹೋದಳು.

"ನಮ್ಮ ತಿಂಡಿ ನೋಡಿ ನೀವೂ ಅದನ್ನೇ ಮಾಡೋಕೆ ಹೊರಟಿದ್ದೀರಾ? ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ, ಸಾಹುಕಾರ್ರೇ?"

ಮಾಲೀಕರು ಕುರ್ಚಿ ತೋರಿಸಿದರು.

"ಕೂತ್ಕೊಳಮ್ಮ. ಅಷ್ಟು ಒಳ್ಳೇ ಮಾಲು ಹಾಕಿದ್ರೆ ನಮಗೆ ಗಿಟ್ಟಲ್ಲ."

"ಮತ್ತೆ ವಾರವಾರ ತರಿಸ್ತಿರೋದು ಯಾಕೆ?"

"ಮೊಮ್ಮಕ್ಕಳಿಗೆ," ಎಂದರು ಮಾಲೀಕರು. "ನಮ್ಮ ಚಿಪ್ಸನ್ನ ನಾನು ಮನೆಯೊಳಗೆ ಬಿಟ್ಕೊಳಲ್ಲ."