ಕೆಂಪು ಪಟ್ಟಿ

“ಏಳೋ ಮ್ಯಾಲೆ. ಸಾಯೋ ರಕ್ತಕ್ಕೆ ಔಷಧಿ ಸುರಿಯಾಕ ಇದೇನು ಬಚ್ಚಲಾ?”

ನರ್ಸ್ ಇಡೀ ವಾರ್ಡಿಗೆ ಕೇಳುವಂತೆ ಅಂದಳು. ಡ್ರಿಪ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ, ಲಾರಿಗೆ ಮೂಟೆ ಹೇರುವ ಓಬಳೇಶ ತನ್ನ ಮುಂಗೈ ನೋಡಿಕೊಂಡ. ಬೆಳಿಗ್ಗೆ ರಕ್ತ ತೆಗೆದು ಕಟ್ಟಿದ ಬಿಳಿ ಪಟ್ಟಿ ಈಗ ಕೆಂಪಾಗಿತ್ತು. ಲಿಂಫೋಮಾ ಅನ್ನುವ ರಕ್ತದ ಕ್ಯಾನ್ಸರ್ ಬಂದವನು ಉಳಿಯುತ್ತಾನೋ ಇಲ್ಲವೋ ಅನ್ನುವುದನ್ನು ಅವನ ರಕ್ತವೇ ಪಟ್ಟಿಯ ಬಣ್ಣದಲ್ಲಿ ಹೇಳಿಬಿಡುತ್ತಿತ್ತು: ಹಸಿರಾದರೆ ಉಳಿವು, ಕೆಂಪಾದರೆ ಸಾವು. ಕೆಂಪು ಬಂದವನಿಗೆ ಔಷಧಿಯಿಲ್ಲ, ಬಸ್ಸಿನಲ್ಲಿ ಸೀಟಿಲ್ಲ, ದರ್ಜಿ ಅಂಗಿಗೆ ಅಳತೆಯನ್ನೂ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ನಿನ್ನೆಯವರೆಗೆ ಓಬಳೇಶನಿಗೂ ಕಂಡಿರಲಿಲ್ಲ.

“ನಿನ್ನಿ ದುಡಿಯಾಕ ಹೋಗಿದ್ಯೇನಪ್ಪಾ?” ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ ಗಾದಿಲಿಂಗಮ್ಮ ಕೇಳಿದಳು.

“ಹೋಗಿದ್ದೆ ಬೇ. ಇವತ್ತಿನ ರಜಾಕ್ಕ ಮೇಸ್ತ್ರಿ ಎರಡು ಪಾಳಿ ಮೂಟಿ ಹೊರಿಸಿದ.”

“ಅಯ್ಯ ಹುಚ್ಚಪ್ಪಾ, ಮೈ ದಣಿದ್ರೂ ರಕ್ತ ಕೆಂಪು ತೋರಿಸ್ತತಿ. ಅದಕ್ಕ ನಾವೆಲ್ಲಾ ರಕ್ತ ಕೊಡೋ ಹಿಂದಿನ ದಿನ ಹಾಸಿಗಿ ಬಿಟ್ಟು ಏಳಲೇ ಇಲ್ಲ.”

ಓಬಳೇಶನಿಗೆ ಜೀವ ಬಂದಂತಾಯಿತು.

“ಸಿಸ್ಟರ್, ಇದು ದಣಿವಿನ ಕೆಂಪಂತ್ರೀ. ಇನ್ನೊಂದ್ಸಲ ರಕ್ತ ತಗೋರಿ.”

“ಗೊತ್ತೈತಿ,” ಅಂದಳು ನರ್ಸ್, ಅವನ ಕೈಯಿಂದ ಸೂಜಿ ಕಿತ್ತು ಹತ್ತಿ ಒತ್ತುತ್ತ. “ಕೂಲಿಯೋರೆಲ್ಲಾ ಇದನ್ನೇ ಹೇಳ್ತೀರಿ. ಒಬ್ಬರಿಗೆ ಒಂದೇ ಸಲ.”

ಓಬಳೇಶ ಎದ್ದ. ಹಸಿರು ಪಟ್ಟಿಯ ದಢೂತಿ ಗಂಡಸೊಬ್ಬ ಆಗಲೇ ಚಪ್ಪಲಿ ಬಿಟ್ಟು ಕಾಯುತ್ತಿದ್ದ. ಕುರ್ಚಿಯ ಬಿಸಿ ಆರುವ ಮೊದಲೇ ಅದರಲ್ಲಿ ಕೂತು, ಎರಡೂ ಕಡೆ ಕೈಯಾಡಿಸಿ ನೋಡಿ, ಬಲು ಮರ್ಯಾದೆಯಿಂದ ಕೇಳಿದ:

“ಅಣ್ಣಾರ, ಇದು ಹಿಂದಕ್ಕ ಬಾಗ್ತತೇನ್ರೀ?”

ಓಬಳೇಶ ಹತ್ತಿಯನ್ನು ಒತ್ತಿಹಿಡಿದುಕೊಂಡು ಬಾಗಿಲ ಕಡೆ ನಡೆದ.