ಯಜಮಾನರಿಗೊಂದು ಕಂಪ್ಯೂಟರ್

ದೇವರಾಜು ಡಬ್ಬದ ಸೀಲಿಗೆ ಬ್ಲೇಡು ಇಟ್ಟಾಗಿತ್ತು. ಅಷ್ಟರಲ್ಲಿ ಆ ಹೆಂಗಸು ಬಾಯಿ ಹಾಕಿದಳು.

“ಒಡೀಬೇಡಿ. ನಾನು ಕೇಳಿದ ಪವರ್ ಸಪ್ಲೈ ಇದಲ್ಲ.”

ದೇವರಾಜು ಆಕೆಯ ಕಡೆ ತಿರುಗಲೂ ಇಲ್ಲ. ಕುರ್ಚಿಯಲ್ಲಿ ಕೂತಿದ್ದ ಗಂಡಸನ್ನು ನೋಡಿ ನಕ್ಕ. “ಯಾವ ಡಬ್ಬದಿಂದ ಬಂದ್ರೂ ಕರೆಂಟು ಕರೆಂಟೇ ಅಲ್ವಾ ಸಾಹೇಬ್ರೇ?”

“ಇರ್ಬೋದು ಸಾರ್,” ಅಂದ ಆತ.

ಬ್ಲೇಡು ಸರ್ರನೆ ಹರಿಯಿತು.

ಚನ್ನಪಟ್ಟಣದ ಪೇಟೆಯಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಅಂಗಡಿ ಇಟ್ಟು ದೇವರಾಜು ಕಲಿತ ವಿದ್ಯೆ ಇದೊಂದೇ. ಗಿರಾಕಿ ಯೋಚನೆ ಮಾಡುವುದರೊಳಗೆ ಸೀಲು ಒಡೆದುಬಿಡಬೇಕು. ಒಡೆದ ಮಾಲನ್ನು ಕಂಪನಿ ವಾಪಸ್ಸು ತಗೊಳ್ಳುವುದಿಲ್ಲ ಎಂದು ಮುಖ ಸಪ್ಪಗೆ ಮಾಡಿಕೊಂಡರೆ, ಮರ್ಯಾದಸ್ಥರು ತೆಪ್ಪಗೆ ದುಡ್ಡು ಎಣಿಸುತ್ತಾರೆ. ಇದನ್ನು ಅವನು ವ್ಯಾಪಾರ ಎನ್ನುತ್ತಿದ್ದ.

ಇಬ್ಬರೂ ಬಂದು ಅರ್ಧ ಗಂಟೆಯಾಗಿತ್ತು. ಬುರ್ಖಾ ತೊಟ್ಟ ಹೆಂಗಸು ಕೈಯಲ್ಲಿ ಚೀಟಿ ಹಿಡಿದು ನೇರ ಒಳಗೆ ಬಂದಿದ್ದಳು. ನರೆತ ಗಡ್ಡದ ಗಂಡಸು ಮೆಟ್ಟಿಲ ಮೇಲೇ ನಿಂತಿದ್ದ. ದೇವರಾಜುವೇ ಎದ್ದು ಹೋಗಿ, “ಒಳಕ್ಕೆ ಬನ್ನಿ ಸಾಹೇಬ್ರೇ, ಬಿಸ್ಲು,” ಎಂದು ಕರೆತಂದು, ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿ, ಹೆಸರು ಕೇಳಿದ್ದ. ಜಬ್ಬಾರ್ ಅಂತೆ. ಹೆಂಗಸಿನ ಹೆಸರು ಕೇಳುವ ಗೋಜಿಗೆ ಅವನು ಹೋಗಲಿಲ್ಲ.

ಆಕೆ ಚೀಟಿ ಓದಿದ್ದಳು. ಗೇಮ್ ಆಡುವ ಕಂಪ್ಯೂಟರ್ ಜೋಡಿಸಬೇಕು. ಅರವತ್ತು ಸಾವಿರದ ಮೇಲೆ ಒಂದು ರೂಪಾಯಿ ಇಲ್ಲ, ಅದೂ ಎರಡು ವರ್ಷ ಕೂಡಿಟ್ಟದ್ದು. ಕ್ಯಾಬಿನೆಟ್ ತಗಡಿನದಾದರೂ ಸರಿ, ಲೈಟು ಬೇಡವೇ ಬೇಡ. ಉಳಿದ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಮತ್ತು ಒಳ್ಳೆ ಪವರ್ ಸಪ್ಲೈಗೆ.

ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಹೆಂಗಸಿನ ಕೈಯ ಚೀಟಿ ಎಂದರೆ ದಿನಸಿ ಅಂಗಡಿಯದು ಎಂಬುದು ದೇವರಾಜುವಿನ ತಿಳಿವಳಿಕೆ. ಗಂಡಸಿನ ತಲೆ ಆಡಿದರೆ ಸಾಕು, ಬಿಲ್ಲು ಆದಂತೆ. ಇಂಥ ಜಾಣ ಅಂಗಡಿಯವರು ಪೇಟೆಗೆ ನಾಲ್ಕು ಜನ ಇರುತ್ತಾರೆ. ಅವರನ್ನು ಕಂಡರೆ ಮೈ ಉರಿಯುತ್ತದೆ.

“ಮಗ ಆಡಾಕಾ ಸಾಹೇಬ್ರೇ?”

“ಯಾರು ಆಡ್ತಾರೋ ಗೊತ್ತಿಲ್ಲ ಸಾರ್, ಅವರನ್ನೇ ಕೇಳಿ.”

“ಅಯ್ಯೋ, ನಮ್ಮನೇಲೂ ಹಂಗೇಯ!” ಎಂದು ದೇವರಾಜು ತೊಡೆ ತಟ್ಟಿಕೊಂಡು ನಕ್ಕ. ನಗುತ್ತಲೇ ಕೆಳಗಿನ ಖಾನೆಯಿಂದ ಗ್ರಾಫಿಕ್ಸ್ ಕಾರ್ಡು ತೆಗೆದ. ಅದು ಅವನ ಬಾಮೈದನದು. ಕಂಪ್ಯೂಟರಿನಲ್ಲೇ ಕ್ರಿಪ್ಟೋ ನಾಣ್ಯ ಹುಟ್ಟಿಸಿ ಕೋಟಿ ಮಾಡುತ್ತೇನೆಂದು ಎರಡು ವರ್ಷ ಹಗಲೂ ರಾತ್ರಿ ಉರಿಸಿ ಬೇಯಿಸಿದ ಕಾರ್ಡು. ಬ್ರಷ್ಷಿನಿಂದ ತಿಕ್ಕಿ, ಹೊಸ ಪ್ಲಾಸ್ಟಿಕ್ ಸುತ್ತಿ ಇಟ್ಟು ಒಂಬತ್ತು ತಿಂಗಳಾಗಿತ್ತು. ಇವತ್ತು ಅದನ್ನು ದಾಟಿಸಲೇಬೇಕಿತ್ತು.

ಹೆಂಗಸು ಕಾರ್ಡನ್ನು ಬೆಳಕಿಗೆ ಹಿಡಿದಳು. “ಇದು ಹೊಸದಾ? ಸ್ಕ್ರೂ ತಲೆ ಎಲ್ಲಾ ಸವೆದಿದೆ.”

“ಹೆಂಗಸ್ರಿಗೆ ಅನುಮಾನ ಒಸಿ ಜಾಸ್ತಿ,” ಎಂದ ದೇವರಾಜು, ಮತ್ತೆ ಜಬ್ಬಾರನಿಗೇ. “ನೆನ್ನೆ ಬೆಂಗಳೂರಿಂದ ಬಂದಿರೋ ಮಾಲು. ನೀವೇ ಹೇಳಿ, ಹೆಂಗೈತೆ?”

“ನೋಡಾಕೆ ಚೆನ್ನಾಗೈತೆ ಸಾರ್.”

ಹೆಂಗಸು ಕಾರ್ಡನ್ನು ಮೇಜಿನ ಮೇಲಿಟ್ಟಳು. ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು. “ನನಗೆ ಇದು ಬೇಡ,” ಎಂದು ದೇವರಾಜುವಿಗೆ ಬಿಡಿಸಿ ಹೇಳಿ, ಜಬ್ಬಾರನ ಕಡೆ ತಿರುಗಿದಳು. “ನೀವು ಇಲ್ಲೇ ಇರಿ. ಸ್ವಲ್ಪ ಹೊತ್ತಾಗುತ್ತೆ.”

“ಎಷ್ಟೊತ್ತಾದ್ರೂ ಆಗ್ಲಿ, ನಂಗೇನೂ ಲಾಸಿಲ್ಲ.”

ಆಕೆ ಮೆಟ್ಟಿಲಿಳಿದು ಹೋದಳು. ಹೆಂಡತಿಯ ಸಿಟ್ಟಿಗೆ ಸೊಪ್ಪು ಹಾಕದೆ ಟೀ ಹೀರುವ ಗಂಡಸನ್ನು ಕಂಡು ದೇವರಾಜುವಿಗೆ ಅಭಿಮಾನವೇ ಉಕ್ಕಿತು. ಇನ್ನೊಂದು ಟೀ ತರಿಸಿದ.

“ಆನ್ ಆಗಿ ಬಣ್ಣಬಣ್ಣದ ಲೈಟು ಹತ್ಕಂಡ್ರೆ ಸಿಟ್ಟೆಲ್ಲಾ ಇಳೀತದೆ. ಜೋಡಿಸ್ಬುಡ್ಲಾ?”

“ನಿಮ್ಮಿಷ್ಟ ಸಾರ್.”

ಅನುಮತಿ ಸಿಕ್ಕಿಬಿಟ್ಟಿತು! ದೇವರಾಜು ಒಂದಾದ ಮೇಲೊಂದು ಸೀಲು ಹರಿದ. ಮದರ್‌ಬೋರ್ಡು ಬಿಚ್ಚಿದ, ಪ್ರೊಸೆಸರ್ ಕೂರಿಸಿ ಅದರ ಮೇಲೆ ಪೇಸ್ಟು ಬಳಿದ. ಚೀಟಿಯಲ್ಲಿ ಇಲ್ಲದ ಗಾಜಿನ ಕ್ಯಾಬಿನೆಟ್ಟು, ಅದಕ್ಕೆ ಆರು ಲೈಟಿನ ಫ್ಯಾನು. ಒಳಗೆ ಬಾಮೈದನ ಬೆಂದ ಕಾರ್ಡು, ಅದಕ್ಕೆ ತಕ್ಕ ಅಗ್ಗದ ಪವರ್ ಸಪ್ಲೈ. ಮದುವೆ ಛತ್ರದ ಹಾಗೆ ಹೊರಗೆಲ್ಲ ದೀಪ, ಒಳಗೆ ಅನ್ನವಿಲ್ಲ.

ಹೊರಗೆ ಟ್ರಾಫಿಕ್ ಪೊಲೀಸರ ಸೀಟಿ ಕೇಳಿದಾಗಲೆಲ್ಲ ಜಬ್ಬಾರ್ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದ. ಪಾಪ, ಹೆಂಡತಿ ದಾರಿ ಕಾಯುತ್ತಾನೆ ಎಂದುಕೊಂಡ ದೇವರಾಜು.

ಎರಡು ಗಂಟೆಯ ಮೇಲೆ ಯಂತ್ರ ಆನ್ ಆಯಿತು. ಕೆಂಪು, ಹಸಿರು, ನೀಲಿ ಹೊಳೆಯಿತು. ಜಬ್ಬಾರ್ ಮನಸಾರೆ “ವಾಹ್” ಅಂದ. ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. “ಆಯ್ತಾ? ಬಂದೆ, ಎರಡೇ ನಿಮಿಷ,” ಎಂದು ಇಟ್ಟ.

ದೇವರಾಜು ಪುಸ್ತಕದಿಂದ ಬಿಲ್ಲು ಹರಿದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. “ಎಪ್ಪತ್ತೊಂದು ಸಾವ್ರ ಆಯ್ತದೆ. ಯಜಮಾನ್ರು ನೀವು, ನಿಮ್ಮ ಮುಖ ನೋಡಿ ಎಪ್ಪತ್ತಕ್ಕೆ ಮಾಡಿವ್ನಿ.”

ಜಬ್ಬಾರ್ ಬಿಲ್ಲನ್ನೂ ಅವನನ್ನೂ ಪಿಳಿಪಿಳಿ ನೋಡಿದ.

“ನಂಗ್ಯಾಕೆ ಕೊಡ್ತೀರಾ ಸಾರ್? ನಾನು ಆಟೋದವ್ನು. ಆ ಮೇಡಮ್ಮು ಎದುರ್ಗಡೆ ಅಂಗಡೀಲಿ ಎಲ್ಲಾ ತಗೊಂಡವ್ರಂತೆ, ಲೋಡ್ ಮಾಡ್ಕೊಬೇಕು, ಬತ್ತೀನಿ.”