ಅಧ್ಯಕ್ಷರ ಫೋಟೋ

“ಮುಖ ಬೆಳ್ಳಗ ಮಾಡೂ ಬಟನ್ ಎಲ್ಲೈತಿ?” ಎಂದು ಬಾಪೂಸಾಹೇಬರು ಮೊಬೈಲನ್ನು ತಿರುವಿ ತಿರುವಿ ನೋಡಿದರು.

ಭಾನುವಾರ ಇಚಲಕರಂಜಿಯಲ್ಲಿ ಸಮಾಜದ ವಧು-ವರರ ಮೇಳಾವಾ. ಅದಕ್ಕೆ ಅವರೇ ಅಧ್ಯಕ್ಷರು. ಬರುವ ವಧು-ವರರು ತಮ್ಮ ಫೋಟೋ ಹಾಕಲೆಂದು ಆ್ಯಪ್ ಮಾಡಿಕೊಟ್ಟವಳು ಅಣ್ಣನ ಮಗಳು ಸೋನಲ, ಕಂಪ್ಯೂಟರ್ ಓದುತ್ತಿರುವ ಹುಡುಗಿ. ಯಾರು ಫೋಟೋ ಹಾಕಿದರೂ ಅದು ತಾನಾಗಿಯೇ ಬೆಳ್ಳಗೆ, ನುಣ್ಣಗೆ ಆಗಬೇಕೆಂಬುದು ಕಾಕಾನ ಅಪ್ಪಣೆ.

“ಅದನ್ನ ನಾ ಹಾಕಿಲ್ಲ ಕಾಕಾ. ಹಾಕೂದೂ ಇಲ್ಲ,” ಎಂದಳು ಸೋನಲ. “ಕೇಳದ ಮಂದಿ ಮುಖ ಬದಲ ಮಾಡೂದಂದ್ರೇನು? ಕಪ್ಪ ಇರೂದು ತಪ್ಪಂತ ಆ ಮಶೀನಿಗೆ ಹೇಳಿದವರ್ಯಾರು?”

ಊರೆಲ್ಲ ಮಾಡುತ್ತದೆ, ನಿನಗೊಬ್ಬಳಿಗೇನು ತ್ರಾಸು ಎಂದು ಕಾಕಾ ನಕ್ಕರು. ಆ ತ್ರಾಸು ಏನೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಹೋದ ವರ್ಷ ಸೋನಲಳ ಅಕ್ಕ ರುತುಜಾಳ ಫೋಟೋವನ್ನು ಸ್ಟುಡಿಯೋದವನು ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿಕೊಟ್ಟಿದ್ದ. ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಫೋಟೋದಲ್ಲಿದ್ದ ಹುಡುಗಿ ಎಲ್ಲಿ ಎಂದು ಕೇಳಿ ಎದ್ದುಹೋದರು. ಅಕ್ಕ ಎಷ್ಟೋ ದಿನ ಕನ್ನಡಿಯ ಕಡೆ ತಿರುಗಲಿಲ್ಲ. ಇನ್ನೊಬ್ಬಳಿಗೆ ಹಾಗಾಗುವುದು, ಅದೂ ತನ್ನ ಕೈಯಿಂದ, ಸೋನಲಳಿಗೆ ಸುತರಾಂ ಬೇಡವಾಗಿತ್ತು.

ನೀನು ಹಾಕದಿದ್ದರೆ ಕೊಲ್ಹಾಪುರದಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಕಾಕಾ ಗದರಿದರು. ಸೋನಲ ಸ್ವಲ್ಪ ಯೋಚಿಸಿ, ಹಾಗಿದ್ದರೆ ಮೊದಲು ಅಧ್ಯಕ್ಷರ ಫೋಟೋದಿಂದಲೇ ನೋಡೋಣ ಎಂದಳು. ಕಾಕಾಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಟೋಪಿ ಸರಿಮಾಡಿಕೊಂಡು ಎದೆ ಉಬ್ಬಿಸಿ ಕೂತರು. ಅವಳು ಫೋಟೋ ತೆಗೆದು, ತನ್ನ ಫೋನಿನಲ್ಲಿದ್ದ ಅಂಥದೇ ಒಂದು ಫಿಲ್ಟರ್ ಹಾಕಿದಳು. ಮೊಮ್ಮಕ್ಕಳನ್ನು ಕಂಡ ಕಾಕಾ ಬಾಸಿಂಗ ಕಟ್ಟಿಸಿಕೊಳ್ಳುವ ವಯಸ್ಸಿಗೆ ಬಂದುಬಿಟ್ಟರು. ಹಿರಿಹಿರಿ ಹಿಗ್ಗಿ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ತಾಯಿ ಚಂಪಾಬಾಯಿಯ ಮುಂದೆ ಅದನ್ನು ಹಿಡಿದರು.

ಚಂಪಾಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿ ನೋಡಿದರು. “ಹುಡುಗ ಭಾಳ ಚಲೋ ಅದಾನ. ಯಾರ ಪೈಕಿ? ನಮ್ಮ ಸೋನಲಗ ಕೇಳೂಣೇನ?”

ಸೋನಲ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು.

“ಅವ್ವಾ, ನಾ ಬಾಪೂ,” ಎಂದರು ಅಧ್ಯಕ್ಷರು.

ಮುದುಕಿ ಮೊಬೈಲನ್ನು ಬದಿಗೆ ಸರಿಸಿ, ಮಗನ ಮುಖವನ್ನೇ ಹಿಡಿದು ಬೆಳಕಿಗೆ ತಿರುಗಿಸಿದರು. “ಎಮ್ಮಿ ಒದ್ದ ಗುರುತ ಇಲ್ಲೇ ಐತೆಲ್ಲೋ. ಅದರಾಗ ಯಾರ ಅಳಿಸ್ಯಾರ? ರಕ್ತ ನಿಲ್ಲವಲ್ದಂತ ನಿನ್ನ ಬಗಲಾಗ ಎತ್ಕೊಂಡು ದವಾಖಾನಿ ತನಕಾ ಓಡಿದ್ದೆ ನಾ.”

ಬಾಪೂಸಾಹೇಬರು ಗಲ್ಲದ ಮೇಲಿನ ಗುರುತನ್ನು ಮೆಲ್ಲಗೆ ಸವರಿಕೊಂಡರು. ಆಮೇಲೆ ಮೊಬೈಲನ್ನು ಸೋನಲಳ ಕೈಗೆ ಕೊಟ್ಟು, ತಾಯಿಗೆ ಕೇಳಿಸದಂತೆ ಕೇಳಿದರು:

“ಫೋಟೋದಾಗ ನನ್ನ ಗುರುತ ಮತ್ತ ಬರತೈತೇನವಾ?”

“ನಿಮ್ಮೊಬ್ಬರದ ಬರೂದಿಲ್ಲ ಕಾಕಾ,” ಎಂದಳು ಸೋನಲ. “ಬಂದ್ರ ಎಲ್ಲಾರ ಮುಖಾನೂ ಇದ್ದಂಗ ಬರತೈತಿ.”